ವಾಹನದ ಸಹಜ ಗುಣ

ಮಾರ್ಚ್ ೩, ಸೋಮವಾರ

ಇವತ್ತು ನಮ್ಮ ವ್ಯಾನು ಸೇತುವೆಯ ನಟ್ಟನಡುವೆ ನಿಂತಿತು. ನಿಲ್ಲುವ ಮುಂಚೆ ಎರಡು ಸಲ ಕುಕ್ಕಿತು, ಆಮೇಲೆ ಎಂಜಿನ್ನು ಬೊಬ್ಬೆ ಹೊಡೆಯುತ್ತಾ ಇತ್ತು, ಚಕ್ರಗಳು ಮಾತ್ರ ಕದಲಲಿಲ್ಲ. ನಮ್ಮ ಮನೆಯಲ್ಲೂ ಕೆಲಸಗಳು ನಡೆಯುವುದು ಹೀಗೇ ಆದ್ದರಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಹಿಂದೆ ನಮ್ಮ ಅತ್ತೆ ಮಹಾರಾಣಿಯ ಹಾಗೆ ಕಾಲು ಚಾಚಿ ಕೂತಿದ್ದರು. ಬೇರೆ ದಾರಿಯಿಲ್ಲ, ಪಾಪ. ಮೊಣಕಾಲಿನ ಮೂಳೆ ಮುರಿದು ಆಪರೇಷನ್ ಆದಮೇಲೆ ಅವರ ಬಲಗಾಲು ಬಗ್ಗುತ್ತಿಲ್ಲ. ವ್ಯಾನಿನ ನಡುವಿನ ಸೀಟು ಕಳಚಿ ಆ ಕಾಲಿಗೆ ಜಾಗ ಮಾಡಿದ್ದೇವೆ. ವಾರಕ್ಕೆ ಮೂರು ದಿನ ಸೇತುವೆಯಾಚೆ ಆಸ್ಪತ್ರೆಯ ಈಜುಕೊಳಕ್ಕೆ ಕರೆದುಕೊಂಡು ಹೋಗಬೇಕು. ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ನಿಧಾನವಾಗಿ ಕಾಲು ಬಗ್ಗಿಸುತ್ತಾರೆ. ಮೇ ಮುಗಿಯುವುದರೊಳಗೆ ಬಗ್ಗದಿದ್ದರೆ ಆ ಮೊಣಕಾಲು ಕೊನೆತನಕ ಹಾಗೇ ಗಟ್ಟಿಯಾಗಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಆ ಮೂರು ದಿನವೂ ಡ್ರೈವರ್ ನಾನೇ. ಯಾಕೆಂದರೆ ಅಮ್ಮನ ನೋವು ನೋಡುವುದು ಮಗನಿಗೆ, ಅಂದರೆ ನಮ್ಮನೆಯವರಿಗೆ, ಆಗುವುದಿಲ್ಲ. ನನಗೆ ಆಗುತ್ತದೆ ಎಂದು ಯಾರು ತೀರ್ಮಾನಿಸಿದರೋ ತಿಳಿಯದು.

"ನೀನು ಬ್ರೇಕ್ ಜಾಸ್ತಿ ಒತ್ತಿದೆ," ಅಂದರು ಅತ್ತೆ.

"ಗಾಡಿ ತಾನಾಗೇ ನಿಂತಿದೆ ಅತ್ತೆ."

"ತಾನಾಗೇ ಯಾವುದೂ ನಿಲ್ಲಲ್ಲ."

ದಾರಿಹೋಕರು ನಾಲ್ಕು ಜನ ಸೇರಿ ತಳ್ಳಿದರು. ಸೇತುವೆ ಇಳಿದಮೇಲೆ ಗಾಡಿಗೆ ಏನನ್ನಿಸಿತೋ, ಆಮೆಯ ನಡಿಗೆಯಲ್ಲಿ ಮನೆ ಮುಟ್ಟಿತು. ನಮ್ಮನೆಯವರು ಬಂದವರೇ ಬಾನೆಟ್ ಎತ್ತಿ ನೋಡಿದರು. ಬಾನೆಟ್ ಎತ್ತಿ ನೋಡುವುದರಲ್ಲಿ ಅವರದು ಎತ್ತಿದ ಕೈ. ಬಹಳ ಹೊತ್ತು ನೋಡಿ, ಮುಚ್ಚಿ, "ಏನೋ ಆಗಿದೆ" ಎಂದರು.

ಮಾರ್ಚ್ ೪, ಮಂಗಳವಾರ

ಮೂಲೆ ಗ್ಯಾರೇಜಿನ ಮೆಕ್ಯಾನಿಕ್ ಬಂದು ಹೋದ. ಗೇರ್‌ಬಾಕ್ಸ್ ಹೋಗಿದೆಯಂತೆ. ರಿವರ್ಸ್ ಪೂರ್ತಿ ಸತ್ತಿದೆ. ಮುಂದಕ್ಕೆ ಒಂದಿಷ್ಟು ಜೀವ ಇದೆ. "ಈ ಬೀದಿ ಆ ಬೀದಿ ಓಡಾಡಿ ಮೇಡಂ, ಸೇತುವೆ ಮಾತ್ರ ಹತ್ತಿಸ್ಬೇಡಿ. ಅರ್ಧದಲ್ಲಿ ಕೈಕೊಡುತ್ತೆ," ಎಂದ. ಹೊಸ ಗೇರ್‌ಬಾಕ್ಸಿನ ಬೆಲೆ ಕೇಳಿ ನಮ್ಮನೆಯವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

ವಾರಂಟಿ ಹೋದ ತಿಂಗಳಷ್ಟೇ ಮುಗಿದಿದೆ. ಗೇರ್‌ಬಾಕ್ಸಿಗೆ ಕ್ಯಾಲೆಂಡರ್ ನೋಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ವಾರಂಟಿ ಮುಗಿದಮೇಲೂ ವ್ಯಾನಿನ ಕಂಪನಿಯವರು ಮನಸ್ಸು ಮಾಡಿದರೆ ರಿಪೇರಿಗೆ ನೆರವು ಕೊಡುತ್ತಾರಂತೆ. ಮನಸ್ಸು ಮಾಡುವ ಹಾಗೆ ನಾವು ಬರೆಯಬೇಕು.

"ನೀನೇ ಬರಿ. ನಿನ್ನ ಕೆಲಸ ಅದೇ ತಾನೇ?" ಅಂದರು ನಮ್ಮನೆಯವರು.

ಅಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಏನು ಕೆಲಸ ಮಾಡುತ್ತೇನೆಂದು ಈ ಮನುಷ್ಯನಿಗೆ ತಲೆಬುಡ ಗೊತ್ತಿಲ್ಲ. ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿ ನಾನು ದೂರು ಬರೆಯುವುದಿಲ್ಲ, ಬಂದ ದೂರಿಗೆ ಉತ್ತರ ಬರೆಯುತ್ತೇನೆ. "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಮಾತನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಬರೆದು ಜನರ ಮೂಗಿಗೆ ತುಪ್ಪ ಸವರುವುದೇ ನನ್ನ ಹೊಟ್ಟೆಪಾಡು. ಆದರೂ ಒಂದು ಧೈರ್ಯವಿದೆ. ಆ ಕಡೆಯವರ ಆಟವೆಲ್ಲ ನನಗೆ ಬಾಯಿಪಾಠ. ನನ್ನ ಕಿವಿಗೆ ಹೂವಿಡುವುದು ಸುಲಭವಲ್ಲ.

ಮಾರ್ಚ್ ೬, ಗುರುವಾರ

ಕಂಪನಿಗೆ ದೂರು ಬರೆದು ಕಳಿಸಿ, ಫೋನೂ ಮಾಡಿದೆ. "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಒಂದು ಧ್ವನಿ ಹೇಳಿತು. ಅಮೂಲ್ಯವಾದ್ದನ್ನು ಯಾರೂ ಮುಟ್ಟುವುದಿಲ್ಲ, ಒಳಗಿಟ್ಟು ಬೀಗ ಹಾಕುತ್ತಾರೆ. ಆಮೇಲೆ ಅವರು ಫೋನಿನಲ್ಲಿ ಹಾಕಿದ ಪಿಟೀಲು ಕೇಳುತ್ತಾ ಪಾತ್ರೆಯನ್ನೆಲ್ಲ ತೊಳೆದು ಮುಗಿಸಿದೆ.

ಮಧ್ಯಾಹ್ನ ಅವರ ಷೋರೂಮಿನಿಂದ ಒಬ್ಬ ನೀಲಿ ಟೈ ಕಟ್ಟಿಕೊಂಡು ಬಂದ. ಸ್ಟೀರಿಂಗ್ ಕೆಳಗೆ ಒಂದು ತಂತಿ ಸಿಕ್ಕಿಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ. "ಕಂಪ್ಯೂಟರಲ್ಲಿ ಏನೂ ದೋಷ ತೋರಿಸ್ತಿಲ್ಲ ಮೇಡಂ."

"ರಿವರ್ಸ್ ಹಾಕಿ ನೋಡಿ."

"ಅದು ನಮ್ಮ ಚೆಕ್ಕಿಂಗಲ್ಲಿ ಬರಲ್ಲ. ಕಂಪ್ಯೂಟರ್ ಏನು ಹೇಳುತ್ತೋ ಅಷ್ಟೇ."

ನಾನೂ ನಮ್ಮ ಗಿರಾಕಿಗಳ ಮನೆಗೆ ಇಂಥವನನ್ನೇ ಕಳಿಸುತ್ತೇನೆ. ಅವನದೂ ಇದೇ ನೀಲಿ ಟೈ.

ಮಾರ್ಚ್ ೧೦, ಸೋಮವಾರ

ಟ್ಯಾಕ್ಸಿಯಲ್ಲಿ ಕೊಳಕ್ಕೆ ಹೋಗುವ ಪ್ರಯತ್ನ ನಡೆಯಿತು. ಮೂರು ಟ್ಯಾಕ್ಸಿ ಬಂದವು, ಮೂರರಲ್ಲೂ ಅತ್ತೆ ಹಿಡಿಸಿದರು, ಅವರ ಕಾಲು ಹಿಡಿಸಲಿಲ್ಲ. ಕೊನೆಯ ಡ್ರೈವರು ಕಿಟಕಿಯಿಂದ ಆಚೆ ಚಾಚಿಕೊಳ್ಳಲಿ ಎಂದು ಸಲಹೆ ಕೊಟ್ಟ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಅವನು ಬಾಡಿಗೆ ಕೇಳದೇ ಹೋದ.

ಕೊಳದ ಮೇಡಂಗೆ ಫೋನು ಮಾಡಿದೆವು. ಅತ್ತೆಗೆ ವ್ಯಾಯಾಮ ಮಾಡಿಸುವವರು ಅವರು. ದನಿ ಹತ್ತಿಯ ಹಾಗೆ. "ಅಯ್ಯೋ, ಬಿಡಬೇಡಿ ಅಮ್ಮಾ. ಮನೇಲೇ ಮಾಡಿ, ನೀರಲ್ಲಿ ಮಾಡಿದಷ್ಟು ಸುಲಭ ಆಗಲ್ಲ ಅಷ್ಟೇ. ಸೊಸೆ ಮಾಡಿಸ್ತಾರೆ," ಎಂದು ಅವರೂ ತೀರ್ಮಾನಿಸಿದರು. ಹಿಮ್ಮಡಿಯ ಕೆಳಗೆ ಟವಲು ಹಾಕಿ, ಎರಡು ತುದಿ ಹಿಡಿದು, ಕಾಲನ್ನು ಮೈಕಡೆಗೆ ಎಳೆಯಬೇಕು. ತಡೆದ ಕಡೆ ನಿಲ್ಲಿಸಿ, ಉಸಿರು ಬಿಡಿಸಿ, ಇನ್ನೊಂದು ಚೂರು.

ಇನ್ನೊಂದು ಚೂರು ಎಂದಾಗ ಅತ್ತೆ ನನ್ನ ಕೈಗೆ ಹೊಡೆದರು. "ಸಾಯಿಸ್ತೀಯಾ?"

"ಸಾಯಿಸೋದಾಗಿದ್ರೆ ಇಷ್ಟು ಕಷ್ಟ ಯಾಕೆ ಪಡ್ತಿದ್ದೆ? ಬಗ್ಗಿಸಿ."

ನಮ್ಮನೆಯವರು ವ್ಯಾನು ಹೇಗಿದೆ ನೋಡಿ ಬರುತ್ತೇನೆಂದು ಹೊರಗೆ ಹೋದರು. ನಿಂತ ವ್ಯಾನು ಹೇಗಿರುತ್ತದೆ? ನಿಂತೇ ಇತ್ತು.

ಮಾರ್ಚ್ ೧೪, ಶುಕ್ರವಾರ

ಕಂಪನಿಯ ಉತ್ತರ ಬಂತು. "ವಾಹನವನ್ನು ಪರಿಶೀಲಿಸಲಾಗಿ, ತಾವು ತಿಳಿಸಿರುವ ಲಕ್ಷಣಗಳು ವಾಹನದ ಸಹಜ ಗುಣವೆಂದು ಕಂಡುಬಂದಿದೆ."

ಓದಿ ಸಿಟ್ಟು ಬರುವ ಬದಲು, ನಿಜ ಹೇಳಬೇಕೆಂದರೆ, ಮೊದಲು ಮೆಚ್ಚುಗೆಯಾಯಿತು. ಎಂಥಾ ವಾಕ್ಯ! ತಪ್ಪು ಯಾರ ಮೇಲೂ ಇಲ್ಲ, ಸುಳ್ಳು ಹೇಳಿದಂತೆಯೂ ಇಲ್ಲ, ಕೈ ತೊಳೆದುಕೊಂಡ ನೀರು ಕೂಡ ಕಾಣುವುದಿಲ್ಲ. ಬಟ್ಟೆ ಹಿಂಡುವಾಗ ಯಂತ್ರ ತಾನೇ ನಡೆದುಕೊಂಡು ಬಾಗಿಲತನಕ ಬರುತ್ತದೆ ಎಂದು ಬರೆದವರಿಗೆ ನಾನು "ಅಲ್ಪ ಚಲನೆ ಸ್ವಾಭಾವಿಕ" ಎಂದು ಉತ್ತರಿಸಿದ್ದೆ. ಅದಕ್ಕಿಂತ ಇದು ಒಂದು ಕೈ ಮೇಲೆ.

ಆಮೇಲೆ ಸಿಟ್ಟು ಬಂತು. ಸಹಜ ಗುಣವಂತೆ. ಹಿಂದಕ್ಕೆ ಹೋಗದಿರುವುದು ಸಹಜ ಗುಣವಾಗಿದ್ದರೆ ಆ ಗೇರ್ ಕೋಲಿನ ಪಕ್ಕ ರಿವರ್ಸ್ ಎಂದು ಯಾಕೆ ಬರೆಸಿದರು, ಅಲಂಕಾರಕ್ಕೋ?

ಮೇಲ್ಮನವಿ ಬರೆಯಲು ಕೂತೆ. ಇಷ್ಟು ದಿನದ ಅನುಭವವನ್ನೆಲ್ಲ ಅದರಲ್ಲಿ ಸುರಿದೆ. ಮೊದಲು ವಿನಯ, ಆಮೇಲೆ ವಿವರ, ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದು ಚುಚ್ಚು, ಅತ್ತೆಯ ಮೊಣಕಾಲು, ಮೇ ತಿಂಗಳ ಗಡುವು, ಕೊನೆಗೆ ಗಂಭೀರವಾದ ಮುಕ್ತಾಯ. ಎಲ್ಲೂ ತಡೆಯದೆ ಕೈ ತಾನಾಗಿ ಓಡಿತು. ಮತ್ತೆ ಓದುವ ಅಗತ್ಯ ಕೂಡ ಕಾಣಲಿಲ್ಲ. ಕಳಿಸಿದೆ. ಇದಕ್ಕೆ ಅವರು ಉತ್ತರ ಕೊಡಲಿ ನೋಡೋಣ.

ಮಾರ್ಚ್ ೧೫, ಶನಿವಾರ

ವ್ಯಾಯಾಮ. ಅತ್ತೆ ಕಿರುಚಿದರು. ನಾನೂ ಕಿರುಚಿದೆ. ನಮ್ಮನೆಯವರು ವ್ಯಾನು ತೊಳೆಯಲು ಹೋದರು. ಆ ವ್ಯಾನು ಈಗ ಹೊಸತಕ್ಕಿಂತ ಫಳಫಳ ಅನ್ನುತ್ತಿದೆ.

ಮಾರ್ಚ್ ೨೬, ಬುಧವಾರ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಇದನ್ನು ಓದುವವಳು ನಾನೊಬ್ಬಳೇ ತಾನೇ.

ಇಷ್ಟು ದಿನವಾದರೂ ಉತ್ತರ ಬರದೇ ಇದ್ದುದಕ್ಕೆ ಫೋನು ಮಾಡಿದೆ. ಆ ಕಡೆ ಒಬ್ಬ ಕೆಮ್ಮುತ್ತಾ ಹುಡುಕಿದ. "ನಿಮ್ಮ ಕೇಸ್ ಕ್ಲೋಸ್ ಆಗಿದೆ ಮೇಡಂ."

"ಯಾರು ಕ್ಲೋಸ್ ಮಾಡಿದ್ದು?"

"ನೀವೇ."

"ನಾನಾ? ನಾನ್ಯಾಕೆ ಮಾಡ್ಲಿ?"

"ನಿಮ್ಮ ಪತ್ರದ ಕೊನೇಲಿ ಇದೆಯಲ್ಲ. ಓದ್ತೀನಿ ಕೇಳಿ. 'ತಮ್ಮ ಸಹಕಾರಕ್ಕೆ ಧನ್ಯವಾದಗಳು. ಸದರಿ ದೂರನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ.'"

ದಿನವೂ ಪ್ರತಿ ಪತ್ರದ ಕೊನೆಗೆ ನಾನು ಬರೆಯುವ ಸಾಲು ಅದು. ಕೈ ತಾನಾಗಿ ಓಡಿತು ಎಂದು ಅವತ್ತು ಬೀಗಿದ್ದೆನಲ್ಲ, ಎಲ್ಲಿಗೆ ಓಡಿತು ಎಂದು ಈಗ ಗೊತ್ತಾಯಿತು. ನನ್ನ ದೂರಿಗೆ ನಾನೇ ಮಣ್ಣೆಳೆದು, ಹರ್ಷವನ್ನೂ ವ್ಯಕ್ತಪಡಿಸಿದ್ದೇನೆ.

"ಅದು ಅಭ್ಯಾಸಬಲದಿಂದ ಆಗಿದ್ದು," ಅಂದೆ.

"ಗ್ರಾಹಕರೇ ಒಪ್ಪಿದ್ರೆ ನಾವು ಮತ್ತೆ ತೆಗೆಯೋ ಹಾಗಿಲ್ಲ ಮೇಡಂ. ಷೋರೂಮಿಂದ ಹೊಸ ವರದಿ ಬಂದ್ರೆ ಮಾತ್ರ ನೋಡಬಹುದು," ಎಂದ. ಆಮೇಲೆ ದನಿ ತಗ್ಗಿಸಿ, "ನೀವೂ ಇದೇ ಲೈನಾ?" ಎಂದು ಕೇಳಿದ. ನಾನು ಹೌದು ಎನ್ನಲಿಲ್ಲ. ಅವನಿಗೆ ಗೊತ್ತಾಗಿತ್ತು.

ಈ ದಿನಗಳೆಲ್ಲ ಹೋದವು. ಅತ್ತೆಯ ಕಾಲು ಪತ್ರಕ್ಕಾಗಿ ಕಾಯುವುದಿಲ್ಲ.

ಮಾರ್ಚ್ ೨೭, ಗುರುವಾರ

ನಮ್ಮನೆಯವರಿಗೆ ಹೇಳಿದೆ. ನಗಬೇಕೋ ಅಳಬೇಕೋ ತಿಳಿಯದೆ ಬಾನೆಟ್ ಎತ್ತಲು ಹೋದರು. ಅತ್ತೆಗೆ ಹೇಳದೇ ಇರಬಹುದಿತ್ತು. ಕಂಪನಿಯವರೇ ಸರಿಯಿಲ್ಲ ಎಂದು ಕಾಗೆ ಹಾರಿಸಿದ್ದರೆ ಅವರು ನಂಬುತ್ತಿದ್ದರು, ನಾನೂ ಅವರೂ ಸೇರಿ ಕಂಪನಿಯನ್ನು ಬೈಯಬಹುದಿತ್ತು. ಟವಲು ಹಿಡಿದು ಕೂತವಳು ಹೇಳಿಬಿಟ್ಟೆ.

ಅತ್ತೆ ನನ್ನ ಕೈಯ ಟವಲು ಕಸಿದು ಪಕ್ಕಕ್ಕೆ ಹಾಕಿದರು. ಆಮೇಲೆ, "ಅಂದ್ರೆ ನನ್ನ ಕಾಲಿಗೂ ಮುಕ್ತಾಯ ಹಾಡಿ ಖುಷಿಪಟ್ಟೆ ಅನ್ನು," ಎಂದರು.

"ತಪ್ಪಾಯ್ತು ಅತ್ತೆ."

"ತಪ್ಪಾಯ್ತು ಅಂದ್ರೆ ಕಾಲು ಬಗ್ಗುತ್ತಾ? ನಾಳೆಯಿಂದ ದಿನಾ ಮೂರು ಸಲ ಮಾಡಿಸು. ಆಫೀಸಿಗೆ ಹೋಗೋ ಮುಂಚೆ ಒಂದು, ಬಂದಮೇಲೆ ಎರಡು."

ಕ್ಷಮಿಸಿದರೋ ಶಿಕ್ಷೆ ಕೊಟ್ಟರೋ ಗೊತ್ತಾಗಲಿಲ್ಲ. ನನ್ನ ಸೊಂಟದ ಗತಿ ಕೇಳುವವರು ಯಾರೂ ಇಲ್ಲ.

ಏಪ್ರಿಲ್ ೨, ಬುಧವಾರ

ಆಫೀಸಿನಲ್ಲಿ ಮ್ಯಾನೇಜರು ಕರೆದರು. ಮೇಜಿನ ಮೇಲೆ ನಾನು ಕಳಿಸಿದ ಒಂದು ಪತ್ರ ಇತ್ತು.

"'ನಿಮ್ಮ ಯಂತ್ರದ ಮೋಟರ್ ಕೆಟ್ಟಿದೆ. ಬೇರೆ ಕಳಿಸುತ್ತೇವೆ.' ಇಷ್ಟೇ ಬರ್ದಿದೀರಲ್ಲ ಮೇಡಂ."

"ಕೆಟ್ಟಿತ್ತು ಸರ್."

"ಕೆಟ್ಟಿತ್ತು ಅಂತ ನಂಗೂ ಗೊತ್ತು. ಬರೆಯೋದು ಯಾಕೆ? ವಿಷಾದ ಎಲ್ಲಿ? ಮುಕ್ತಾಯ ಎಲ್ಲಿ? ಈ ವಾರ ಇಂಥವು ಐದಾರು ನೋಡಿದೆ. ಮನೇಲಿ ಏನಾದ್ರೂ ತೊಂದ್ರೆನಾ?"

ಸುಸ್ತು ಎಂದೆ. ಸುಸ್ತೇ ಇರಬೇಕು. ಸೊಂಟ ನೋಯುವಾಗ ಉದ್ದುದ್ದ ವಾಕ್ಯ ಬರೆಯಲು ಯಾರಿಗೆ ಮನಸ್ಸಾಗುತ್ತದೆ? ರಜೆ ತೆಗೆದುಕೊಳ್ಳಿ ಎಂದರು. ರಜೆಯಲ್ಲಿ ಮನೆಯಲ್ಲಿದ್ದರೆ ಅತ್ತೆ ದಿನಕ್ಕೆ ಐದು ಸಲ ಮಾಡಿಸುತ್ತಾರೆ, ಬೇಡ ಎಂದೆ.

ಏಪ್ರಿಲ್ ೫, ಶನಿವಾರ

ಷೋರೂಮಿನಿಂದ ಹೊಸ ವರದಿ ಬೇಕು. ಫೋನಿನಲ್ಲಿ ಕೇಳಿದರೆ ಅವರು ಜಾಣ ಕಿವುಡರು. ಆದ್ದರಿಂದ ಖುದ್ದಾಗಿ ಹೊರಟೆ. ಷೋರೂಮು ಸೇತುವೆಯ ಈ ಕಡೆಗೇ ಇದೆ, ಆಮೆಯ ನಡಿಗೆಯಲ್ಲಾದರೂ ತಲುಪಬಹುದು.

"ನಾನೂ ಬರ್ತೀನಿ," ಅಂದರು ಅತ್ತೆ.

"ನೀವ್ಯಾಕೆ?"

"ಮನೇಲಿ ಕೂತು ಸಾಕಾಗಿದೆ. ನಿನ್ನ ಪತ್ರದ ಮೇಲೆ ನಂಗೆ ನಂಬಿಕೆ ಇಲ್ಲ."

ಷೋರೂಮಿನ ಗೇಟು ಕಿರಿದು. ಒಂದು ಗಾಡಿ ಒಳಗೆ ಹೋದರೆ ಇನ್ನೊಂದು ಹೊರಗೆ ಬರುವಂತಿಲ್ಲ. ನಾನು ವ್ಯಾನನ್ನು ನೇರ ಆ ಗೇಟಿನ ಬಾಯಿಗೆ ತಂದು ನಿಲ್ಲಿಸಿದೆ. ಬೇಕೆಂದೇ ಮಾಡಿದ್ದಲ್ಲ ಎಂದು ನಮ್ಮನೆಯವರಿಗೆ ಹೇಳಿದ್ದೇನೆ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ?

ಎದುರಿಗೆ ರಿಬ್ಬನ್ ಕಟ್ಟಿದ ಹೊಸ ಕಾರಿನಲ್ಲಿ ಒಂದು ಸಂಸಾರ ಹೊರಗೆ ಬರಲು ಕಾಯುತ್ತಿತ್ತು. ಕಾವಲುಗಾರ ಓಡಿ ಬಂದ. "ಹಿಂದೆ ತಗೊಳ್ಳಿ ಮೇಡಂ, ಹಿಂದೆ."

"ಹೋಗಲ್ಲ."

"ಯಾಕೆ ಹೋಗಲ್ಲ?"

"ನಿಮ್ಮ ಕಂಪನಿಯವರನ್ನೇ ಕೇಳಿ. ಅದು ಈ ಗಾಡಿಯ ಸಹಜ ಗುಣ ಅಂತೆ."

ನೀಲಿ ಟೈ ಬಂದ. ಅವನ ಹಿಂದೆ ಷೋರೂಮಿನ ಮ್ಯಾನೇಜರು. "ಸ್ವಲ್ಪ ಸಹಕರಿಸಿ ಮೇಡಂ, ಜನ ಕಾಯ್ತಿದಾರೆ," ಎಂದರು. ನಾನು ಸಂತೋಷವಾಗಿ ಇಳಿದು ಬೀಗದ ಕೈ ಕೊಟ್ಟೆ. ಮ್ಯಾನೇಜರು ಕೂತು ರಿವರ್ಸ್ ಹಾಕಿ ಒತ್ತಿದರು. ಎಂಜಿನ್ನು ಕೂಗಿತು. ವ್ಯಾನು ಅಲ್ಲಾಡಲಿಲ್ಲ. ಇನ್ನಷ್ಟು ಒತ್ತಿದರು, ಇನ್ನಷ್ಟು ಕೂಗಿತು. ಹೊಸ ಕಾರಿನ ಯಜಮಾನ ಇಳಿದು ಬಂದು ಕಿಟಕಿಯಲ್ಲಿ ಇಣುಕಿದ.

ಹಿಂದಿನ ಸೀಟಿನಿಂದ ಅತ್ತೆ ಅವನಿಗೆ ಹೇಳಿದರು, "ನೀವೂ ಇದೇ ಕಂಪನಿದು ತಗೊಂಡ್ರಾ ಅಪ್ಪಾ? ಒಳ್ಳೇದು. ಮುಂದಕ್ಕೆ ಚೆನ್ನಾಗಿ ಹೋಗುತ್ತೆ."

ಮ್ಯಾನೇಜರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಒಳಗೆ ಬನ್ನಿ, ಕೂತು ಮಾತಾಡೋಣ," ಎಂದರು.

"ನಂಗೆ ಇಳಿಯೋಕಾಗಲ್ಲ," ಅಂದರು ಅತ್ತೆ ಕಾಲು ತೋರಿಸಿ. "ನೀವೇ ಬನ್ನಿ, ಜಾಗ ಇದೆ."

ಹೀಗೆ ಮ್ಯಾನೇಜರು ನಮ್ಮ ವ್ಯಾನಿನಲ್ಲಿ ಅತ್ತೆಯ ಪಾದದ ಪಕ್ಕ ಕೂತು, "ರಿವರ್ಸ್ ಗೇರ್ ಕೆಲಸ ಮಾಡುತ್ತಿಲ್ಲ, ಗೇರ್‌ಬಾಕ್ಸ್ ಬದಲಿಸಬೇಕು" ಎಂದು ವರದಿ ಬರೆದು ಸಹಿ ಹಾಕಿದರು. ನಾನು ಓದಲು ಕೈಚಾಚಿದೆ. ಅತ್ತೆ ಕಸಿದುಕೊಂಡು ಕೊನೆಯ ಸಾಲಿನತನಕ ತಾವೇ ಓದಿದರು. ಆಮೇಲೆ ಆರು ಜನ ಸೇರಿ ವ್ಯಾನನ್ನು ಹಿಂದಕ್ಕೆ ತಳ್ಳಿದರು.

ಬರುವಾಗ ಅತ್ತೆ ನಗುತ್ತಿದ್ದರು. ನಾನೂ ನಕ್ಕೆ. ಯಾವತ್ತೂ ಹಾಗೆ ನಕ್ಕ ನೆನಪಿಲ್ಲ, ಕಣ್ಣಲ್ಲಿ ನೀರು ಬಂದು ಗಾಡಿ ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಏಪ್ರಿಲ್ ೯, ಬುಧವಾರ

"ಸೌಹಾರ್ದದ ದ್ಯೋತಕವಾಗಿ" ಗೇರ್‌ಬಾಕ್ಸಿನ ಬೆಲೆ ಕಂಪನಿಯದು, ಕೂಡಿಸುವ ಕೂಲಿ ನಮ್ಮದು. ತಪ್ಪು ಒಪ್ಪಿಕೊಂಡಂತಲ್ಲ ಎಂದು ಎರಡು ಕಡೆ ಬರೆದಿದ್ದಾರೆ. ಒಪ್ಪಿಕೊಳ್ಳದಿದ್ದರೂ ಪರವಾಗಿಲ್ಲ, ಗಾಡಿ ಹಿಂದಕ್ಕೆ ಹೋದರೆ ಸಾಕು. ಸರಕು ಹಡಗಿನಲ್ಲಿದೆಯಂತೆ. ವ್ಯಾನನ್ನು ಎಳೆದುಕೊಂಡು ಹೋದರು. ನಮ್ಮನೆಯವರಿಗೆ ತೊಳೆಯಲು ಏನೂ ಇಲ್ಲದೆ ದಿಕ್ಕು ತೋಚದವರಂತಿದ್ದಾರೆ.

ಏಪ್ರಿಲ್ ೧೮, ಶುಕ್ರವಾರ

ಹಡಗು ಇನ್ನೂ ಬರುತ್ತಲೇ ಇದೆ. ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬರುತ್ತಿರಬೇಕು.

ನಮ್ಮನೆಯವರು ಒಂದು ಘನಕಾರ್ಯ ಮಾಡಿದರು. ರಟ್ಟಿನ ಪೆಟ್ಟಿಗೆಯ ಮೂಲೆಯನ್ನು ನೀಟಾಗಿ ಕತ್ತರಿಸಿ ತಂದು, "ಅಮ್ಮನ ಕಾಲು ಇದರಷ್ಟು ಬಗ್ಗಿದ್ರೆ ಎಲ್ಲಿ ಬೇಕಾದ್ರೂ ಕೂರಬಹುದು" ಎಂದರು. ಮೊಣಕಾಲಿನ ಕೆಳಗೆ ಇಟ್ಟು ನೋಡಿದೆವು. ಇನ್ನೂ ಎರಡು ಬೆರಳು ತೂರುವಷ್ಟು ಸಂದಿ ಇದೆ.

"ಹೋದ ವಾರ ಆಗಿದ್ರೆ ಇಡೀ ಕೈ ತೂರ್ತಿತ್ತು," ಅಂದೆ.

"ಹೊಗಳ್ಬೇಡ. ಎಳಿ," ಅಂದರು ಅತ್ತೆ.

ಎಳೆದೆ. ಅವರು ನನ್ನ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ಬೈದರು. ನಾನು ಅವರ ಮಗನನ್ನು ಬೈದೆ. ಅದಕ್ಕೆ ಅವರ ಆಕ್ಷೇಪಣೆ ಇರಲಿಲ್ಲ. ಅವರ ಮಗ ಇವತ್ತು ಹೊರಗೆ ಹೋಗಲಿಲ್ಲ, ರಟ್ಟು ಹಿಡಿದು ಅಲ್ಲೇ ಕೂತಿದ್ದರು.

ಏಪ್ರಿಲ್ ೩೦, ಬುಧವಾರ

ವ್ಯಾನು ಬಂತು. ಮುಂದೆ ಹೋಗುತ್ತದೆ, ಹಿಂದೆ ಹೋಗುತ್ತದೆ, ಸೇತುವೆ ಬೇಕೆಂದು ಕೇಳಿ ಕೇಳಿ ಹತ್ತುತ್ತದೆ. ಬೀದಿಯಲ್ಲಿ ನಾಲ್ಕು ಸಲ ಸುಮ್ಮನೆ ರಿವರ್ಸ್ ತೆಗೆದೆ. ಎದುರುಮನೆಯವರು ಏನೋ ಆಗಿದೆ ಎಂದುಕೊಂಡು ಹೊರಗೆ ಬಂದರು.

ಶುಕ್ರವಾರ ಅತ್ತೆಯನ್ನು ಕೊಳಕ್ಕೆ ಕರೆದುಕೊಂಡು ಹೋಗಬೇಕು. ಅವರಿಗೆ ಹೇಳದೆ ರಜೆ ಹಾಕಿದ್ದೇನೆ. ಹಳೆಯ ಟವಲು ತೊಳೆದು ಒಣಗಿಸಿ, ಅವರ ಸೀಟಿಗೆ ಮೆತ್ತನೆಯ ದಿಂಬು ಹೊಲಿಸಿ ಇಟ್ಟಿದ್ದೇನೆ. ಕಾಲು ಕೆಳಗೆ ಜಾರಬಾರದಲ್ಲ, ಅದಕ್ಕೆ.

ಮೇ ೨, ಶುಕ್ರವಾರ

ಬೆಳಿಗ್ಗೆ ವ್ಯಾನು ತೆಗೆದು ಬಾಗಿಲ ಮುಂದೆ ನಿಲ್ಲಿಸಿ ಒಳಗೆ ಬಂದೆ. ಅತ್ತೆ ಆಗಲೇ ಚಪ್ಪಲಿ ಹಾಕಿಕೊಂಡು, ಕೋಲು ಹಿಡಿದು ಹೊರಟಿದ್ದರು. ವ್ಯಾನಿನ ಹಿಂದೆ ಒಂದು ಟ್ಯಾಕ್ಸಿ ಬಂದು ನಿಂತಿತು.

"ನಾನೇ ಕರೆಸಿದೆ," ಅಂದರು. "ನಿಂಗೆ ಆಫೀಸಿದೆ. ದಿನಾ ನನ್ನಿಂದ ಲೇಟಾಗೋದು ಯಾಕೆ?"

"ಟ್ಯಾಕ್ಸಿಯಲ್ಲಿ ಕಾಲು..." ಅಂದೆ.

ಅತ್ತೆ ಹಿಂದಿನ ಸೀಟಿನಲ್ಲಿ ಕೂತರು. ಎಡಗಾಲು ಒಳಗೆ ಎಳೆದುಕೊಂಡರು. ಬಲಗಾಲಿನ ತೊಡೆಯನ್ನು ಎರಡು ಕೈಯಲ್ಲಿ ಹಿಡಿದು, ಹಲ್ಲುಕಚ್ಚಿ, ಬಗ್ಗಿಸಿ, ಅದನ್ನೂ ಒಳಗೆ ಇಟ್ಟುಕೊಂಡರು. ಬಾಗಿಲನ್ನು ತಾವೇ ಎಳೆದು ಹಾಕಿಕೊಂಡರು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಯಿತು.

ನಾನು ವ್ಯಾನಿನ ಬೀಗದ ಕೈ ಹಿಡಿದು ಅಲ್ಲೇ ನಿಂತಿದ್ದೆ. ಸಂತೋಷವಾಗಬೇಕಿತ್ತು. ಇನ್ನು ಡ್ರೈವರ್ ಕೆಲಸವಿಲ್ಲ, ಸೊಂಟ ನೋವಿಲ್ಲ. ಆದರೆ ಅಳು ಬಂತು. ರಜೆ ದಂಡವಾಯಿತಲ್ಲ ಎಂದು ಇರಬೇಕು. ಆ ಕಂಪನಿಯ ಜೊತೆ ಇಷ್ಟು ಗುದ್ದಾಡಿ ಗಾಡಿ ಸರಿಮಾಡಿಸಿದ್ದು ಯಾರಿಗೆ ಎಂದು ಸಿಟ್ಟೂ ಬಂತು. ಇಡೀ ದಿನ ಅಡುಗೆಮನೆಯ ಡಬ್ಬಿಗಳನ್ನು ಒರೆಸಿದೆ. ಹೊರಗೆ ಟ್ಯಾಕ್ಸಿ ಸದ್ದಾದಾಗಲೆಲ್ಲ ಕಿಟಕಿಗೆ ಹೋದೆ.

ಸಂಜೆಗೆ ಬಂದರು. ಟೀ ಕುಡಿಯುತ್ತಾ ಡಾಕ್ಟರು ನೋಡಿದ್ದನ್ನು ಹೇಳಿದರು. ಇನ್ನು ಕಾಲು ಗಟ್ಟಿಯಾಗುವ ಭಯವಿಲ್ಲವಂತೆ. ನಡೆಯಬಹುದು, ಕುರ್ಚಿಯ ಮೇಲೆ ಕೂರಬಹುದು. ನೆಲದ ಮೇಲೆ ಕಾಲು ಮಡಚಿ ಕೂರುವಷ್ಟು ಬಗ್ಗುವುದು ಮಾತ್ರ ಕಷ್ಟವಂತೆ, ಮೊದಲಿನಿಂದ ಬಿಡದೆ ನೀರಿನಲ್ಲಿ ಮಾಡಿಸಿದ್ದರೆ ಅದೂ ಬರುತ್ತಿತ್ತೇನೋ ಅಂದರಂತೆ. ನಾನು ತಲೆ ತಗ್ಗಿಸಿದೆ. ನನ್ನ ಆ ಒಂದು ಸಾಲು ತಿಂದುಹಾಕಿದ ದಿನಗಳು ಅವು.

ಅತ್ತೆ ಲೋಟ ಕೆಳಗಿಟ್ಟು, ಕಾಲನ್ನು ತಂದು ನನ್ನ ಮಡಿಲಿಗೆ ಹಾಕಿದರು. "ಮೇ ಇನ್ನೂ ಪೂರ್ತಿ ಇದೆಯಲ್ಲ. ಹೂಂ, ಶುರು ಮಾಡು."

"ಇವತ್ತು ಕೊಳದ ಮೇಡಂ ಮಾಡಿಸಿದ್ರಲ್ಲ ಅತ್ತೆ?"

"ಮಾಡಿಸಿದ್ಲು. ಒಂಚೂರೂ ಬಗ್ಗಲಿಲ್ಲ. ಪಾಪ, ಒಳ್ಳೆಯವಳು," ಅಂದರು ಅತ್ತೆ. "ಅವಳಿಗೆ ಬೈಯೋಕೆ ಬರಲ್ಲ."